‘ಇನ್ನಷ್ಟು ತೋರಿಸು’ ಗುಂಡಿಯೇ ಅಡ್ಡಿ

ನಿಮ್ಮ ಅಂಗಡಿಯ ಜಾಲತಾಣದಲ್ಲಿ ನಾನೂರು ಉತ್ಪನ್ನಗಳಿದ್ದರೂ ಗೂಗಲ್‌ನಲ್ಲಿ ಮೊದಲ ಇಪ್ಪತ್ತು ಮಾತ್ರ ಸಿಗುತ್ತಿವೆ, ಉಳಿದವು ಎಲ್ಲಿ ಹೋದವು ಎಂದು ಕೇಳಿದ್ದೀರಿ. ನೀವೇ ಬರೆದಿರುವಂತೆ ಅವು ‘ಇನ್ನಷ್ಟು ತೋರಿಸು’ ಗುಂಡಿಯ ಹಿಂದಿವೆ. ತೊಡಕು ಬಹುತೇಕ ಅಲ್ಲೇ ಇದೆ. ಶೋಧಯಂತ್ರದ ಕ್ರಾಲರ್, ಅಂದರೆ ಜಾಲತಾಣಗಳನ್ನು ತಾನಾಗಿಯೇ ಓದುತ್ತಾ ಹೋಗುವ ತಂತ್ರಾಂಶ, ಲಿಂಕ್ ಹಿಡಿದು ನಡೆಯುತ್ತದೆಯೇ ಹೊರತು ಗುಂಡಿ ಒತ್ತುತ್ತಾ ಕೂರುವುದಿಲ್ಲ. ಗುಂಡಿ ಇರಲಿ, ಜೊತೆಗೆ ಎರಡನೆಯ ಪುಟ, ಮೂರನೆಯ ಪುಟ ಎಂದು ನಿಜವಾದ ಲಿಂಕ್‌ಗಳನ್ನೂ ಕೊಡಿ. ಪ್ರತಿ ಪುಟಕ್ಕೂ ಅದರದೇ ವಿಳಾಸ ಬೇಕು. ವಿಳಾಸದಲ್ಲಿ ಪುಟಸಂಖ್ಯೆಯನ್ನು ಹ್ಯಾಶ್ (#) ಚಿಹ್ನೆಯ ನಂತರ ಬರೆದರೆ ಉಪಯೋಗವಿಲ್ಲ, ಗೂಗಲ್ ಆ ಭಾಗವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಉತ್ಪನ್ನದ ವಿವರ ಪಾಪ್‌ಅಪ್‌ನಲ್ಲಿ ತೆರೆಯುತ್ತದೆ ಎಂದಿದ್ದೀರಿ. ಅದನ್ನು ಕೈಬಿಟ್ಟು ಪ್ರತಿ ಉತ್ಪನ್ನಕ್ಕೂ ಸ್ವಂತ ಪುಟ ಮಾಡಿ. ಅಳತೆ, ಬಣ್ಣ, ಮಾದರಿ ಸಂಖ್ಯೆಗಳನ್ನು ಚಿತ್ರದೊಳಗೆ ಅಚ್ಚೊತ್ತದೆ ಪಠ್ಯವಾಗಿಯೇ ಬರೆಯಿರಿ. ಜನ ಟೈಪ್ ಮಾಡಿ ಹುಡುಕುವುದು ಅವನ್ನೇ. ನಾನೂರು ಪುಟಗಳಿಗೂ ‘ಉತ್ಪನ್ನ ವಿವರ’ ಎಂಬ ಒಂದೇ ಶೀರ್ಷಿಕೆ ಇಡುವುದು, ಮನೆಯ ಮಕ್ಕಳಿಗೆಲ್ಲ ಒಂದೇ ಹೆಸರಿಟ್ಟು ಕರೆದ ಹಾಗೆ.

ಬಣ್ಣ, ಬೆಲೆಯ ಫಿಲ್ಟರ್‌ಗಳು ಹುಟ್ಟಿಸುವ ನೂರಾರು ನಕಲು ವಿಳಾಸಗಳಿಗೆ ಕ್ಯಾನೊನಿಕಲ್ ಟ್ಯಾಗ್ (ಮೂಲ ಪುಟ ಯಾವುದೆಂದು ಶೋಧಯಂತ್ರಕ್ಕೆ ಹೇಳುವ ಕೋಡ್ ಸಾಲು) ಹಾಕಿ ಮೂಲ ಪುಟವನ್ನು ಸೂಚಿಸಿದರೆ ಸಾಕು. ಸ್ಕೀಮಾ ಗುರುತುಗಳ ಬಗ್ಗೆಯೂ, ಅಂದರೆ ಪುಟದಲ್ಲಿ ಏನಿದೆ ಎಂದು ಶೋಧಯಂತ್ರಕ್ಕೆ ತಿಳಿಸುವ ಕೋಡ್‌ನ ಬಗ್ಗೆಯೂ, ಕೇಳಿದ್ದೀರಿ. ಒಳ್ಳೆಯದೇ, ಆದರೆ ಮೊದಲು ಲಿಂಕ್‌ಗಳನ್ನು ಸರಿಪಡಿಸಿ.