ತಿರುಗಾಟದ ಹುಚ್ಚು ನಿಮಗೆ ಯಾವಾಗ, ಹೇಗೆ ಹಿಡಿಯಿತು?

ನಿಮಗೆ 24 ವರ್ಷ, ಬೆಟ್ಟ ಹತ್ತಬೇಕು, ಊರೂರು ಸುತ್ತಬೇಕು ಅನ್ನೋ ಆಸೆ ಈಗ ಹುಟ್ಟಿದೆ, ತಡವಾಯ್ತಾ ಅಂತ ಕೇಳಿದ್ದೀರಿ. ಖಂಡಿತ ಇಲ್ಲ. ನನಗೂ ಈ ಹುಚ್ಚು ಹಿಡಿದದ್ದು ಓದು ಮುಗಿದು ಕೆಲಸಕ್ಕೆ ಸೇರಿದ ಮೇಲೆಯೇ. ಹಿಡಿಸಿದ್ದು ಕುಮಾರ ಪರ್ವತ.

ಚಿಕ್ಕಂದಿನಿಂದ ಮನೆಯವರ ಜೊತೆ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗುತ್ತಿದ್ದೆ. ಕುಮಾರಧಾರೆಯಲ್ಲಿ ಸ್ನಾನ, ದೇವರ ದರ್ಶನ, ಊಟ, ಮತ್ತೆ ಬಸ್ಸು. ಆ ನೀರು ಎಲ್ಲಿಂದ ಬರುತ್ತದೆ ಅಂತ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಆಮೇಲೊಂದು ಸಲ, ಮಳೆಗಾಲ ಮುಗಿದ ಹೊಸತರಲ್ಲಿ, ಆಫೀಸಿನ ಗೆಳೆಯರು ಕರೆದರು ಅಂತ ದೇವಸ್ಥಾನದ ಹಿಂದಿನ ಬೆಟ್ಟಕ್ಕೆ, ಅದೇ ಕುಮಾರ ಪರ್ವತಕ್ಕೆ, ಹೊರಟೆ.

ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ, 1930 ಮೀಟರ್. ಅಲ್ಲಿ ತುದಿಯ ಹತ್ತಿರದವರೆಗೂ ಗಾಡಿ ಹೋಗುತ್ತದೆ. ಕುಮಾರ ಪರ್ವತ 1712 ಮೀಟರ್ ಅಷ್ಟೇ, ಆದರೆ ಕುಕ್ಕೆ ಇರುವುದು ಘಟ್ಟದ ಬುಡದಲ್ಲಿ. ಹತ್ತಿರಹತ್ತಿರ ಒಂದೂವರೆ ಸಾವಿರ ಮೀಟರ್ ಎತ್ತರವನ್ನು ಕಾಲಲ್ಲೇ ಏರಬೇಕು. ಮೊದಲು ದಟ್ಟ ಕಾಡು. ಬೇರುಗಳೇ ಮೆಟ್ಟಿಲು, ಸಾಕ್ಸಿನೊಳಗೆ ಇಂಬಳ. ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಬಿಸಿ ಅನ್ನ, ಸಾಂಬಾರು, ಮಜ್ಜಿಗೆ. ಅಂಥ ರುಚಿ ನನಗೆ ಯಾವ ಹೋಟೆಲಲ್ಲೂ ಸಿಕ್ಕಿಲ್ಲ. ಅಲ್ಲಿಂದ ಮುಂದೆ ನೆರಳೇ ಇಲ್ಲದ ಹುಲ್ಲುಗಾವಲು, ಕಲ್ಲುಮಂಟಪ, ಶೇಷಪರ್ವತ.

ಶೇಷಪರ್ವತ ದಾಟಿ ಸ್ವಲ್ಪ ಇಳಿದರೆ ಶೋಲಾ ಕಾಡು, ಅಂದರೆ ಎತ್ತರದ ಹುಲ್ಲುಗಾವಲುಗಳ ನಡುವಿನ ತಗ್ಗಿನಲ್ಲಿ ಬೆಳೆಯುವ ತಂಪು ಕಾಡು. ಅಲ್ಲಿ ಕಲ್ಲಿನ ಸಂದಿಯಲ್ಲಿ ಬೆರಳು ದಪ್ಪದ ನೀರು ಹರಿಯುತ್ತಿತ್ತು. ಪಾಚಿ ಸರಿಸಿ ಬಾಟಲಿ ಹಿಡಿದೆ. ತುಂಬುವುದಕ್ಕೆ ಎಷ್ಟು ಹೊತ್ತು ಬೇಕಾಯಿತೆಂದರೆ ಕೈ ಮರಗಟ್ಟಿತು. ಕುಮಾರಧಾರೆ ಹುಟ್ಟುವುದು ಇದೇ ಬೆಟ್ಟಸಾಲಿನಲ್ಲಿ ಅಂತ ಜೊತೆಯವರು ಹೇಳಿದಾಗ ಮೈ ಜುಮ್ಮೆಂದಿತು. ಇಂಥ ಸಣ್ಣ ಸಣ್ಣ ನೀರೇ ಕೂಡಿ ನಾನು ಮಗುವಾಗಿದ್ದಾಗ ಮುಳುಗಿ ಎದ್ದ ನದಿಯಾಗಿದೆ ಅಲ್ವಾ! ತುದಿ ತಲುಪಿದಾಗ ಬರೀ ಮಂಜು, ಏನೂ ಕಾಣಲಿಲ್ಲ. ನನಗೆ ಬೇಜಾರೂ ಆಗಲಿಲ್ಲ.

ಅಲ್ಲಿಂದ ನದಿಗಳ ಹಿಂದೆ ಬಿದ್ದೆ. ಕುಮಾರಧಾರೆ ನೇತ್ರಾವತಿಗೆ ಸೇರುವ ಜಾಗ ನೋಡಲೆಂದೇ ಉಪ್ಪಿನಂಗಡಿಗೆ ಹೋದೆ. ಆಮೇಲೆ ಶರಾವತಿ. ತೀರ್ಥಹಳ್ಳಿ ಹತ್ತಿರದ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ 253 ಮೀಟರ್ ಧುಮುಕಿ, ಹೊನ್ನಾವರದಲ್ಲಿ ಸಮುದ್ರ ಸೇರುತ್ತದೆ. ಇಡೀ ಉದ್ದ ಸುಮಾರು 128 ಕಿಲೋಮೀಟರ್. ಕೆಂಪು ಬಸ್ಸಲ್ಲೇ ನೋಡಿ ಮುಗಿಸಬಹುದು. ಜೋಗವನ್ನು ಎಲ್ಲರೂ ನೋಡುತ್ತಾರೆ. ಆದರೆ ಅಂಬುತೀರ್ಥ ನೋಡಿಕೊಂಡು ಜೋಗಕ್ಕೆ ಹೋದವರಿಗೆ ಆ ಜಲಪಾತ ಬೇರೆಯೇ ಥರ ಕಾಣುತ್ತದೆ. ಹಿಮಾಲಯಕ್ಕೆ ಹೋಗುವ ಧೈರ್ಯ ಬಂದದ್ದೂ ಹೀಗೇ. ಗಂಗೋತ್ರಿಯಿಂದ ಗೋಮುಖಕ್ಕೆ ನಡೆಯುವಾಗ ಕಾಲಿಗೆ ಅಭ್ಯಾಸವಾಗಿತ್ತು, ಹುಡುಕುತ್ತಿದ್ದದ್ದೂ ಅದನ್ನೇ, ನೀರು ಶುರುವಾಗುವ ಜಾಗ.

ಅದಕ್ಕೇ ಹೇಳುತ್ತೇನೆ, ಲಡಾಖಿಗೆ ದುಡ್ಡು ಕೂಡಿಸುತ್ತಾ ಕೂರಬೇಡಿ. ನಿಮಗೆ ಆಗಲೇ ಗೊತ್ತಿರುವ ಊರಿಂದ ಶುರು ಮಾಡಿ. ಅದರ ಹಿಂದಿನ ಬೆಟ್ಟ, ಅಲ್ಲಿ ಹರಿಯುವ ಹೊಳೆ ಯಾವುದು ನೋಡಿ. ಕುಮಾರ ಪರ್ವತಕ್ಕೇ ಹೋಗುವುದಾದರೆ ಈಗ ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಇಲ್ಲದೆ ಬಿಡುವುದಿಲ್ಲ. 2024ರ ಜನವರಿಯಲ್ಲಿ ಜನಜಂಗುಳಿ ವಿಪರೀತವಾದ ಮೇಲೆ ಬಂದ ನಿಯಮ, ಒಳ್ಳೆಯದೇ ಆಯಿತು. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ, ಮಳೆಗಾಲದಲ್ಲಿ ಜಾರಿಕೆಗೆ ದಾರಿ ಮುಚ್ಚುತ್ತಾರೆ. ಆದ್ದರಿಂದ ದಸರಾ ಕಳೆದ ಮೇಲೆ ವಿಚಾರಿಸಿ. ಒಬ್ಬರೇ ಹೋಗಬೇಡಿ, ನೀರು ಜಾಸ್ತಿ ಇಟ್ಟುಕೊಳ್ಳಿ, ಬೆಳಕು ಹರಿಯುವಾಗಲೇ ಹತ್ತಲು ಶುರು ಮಾಡಿ.