ಮಂಟಪದ ವಿಡಿಯೊದಲ್ಲಿ ಓಡುವ ಕಪ್ಪು ಪಟ್ಟೆ

ದಾವಣಗೆರೆಯ ಮಂಟಪದಲ್ಲಿ ತೆಗೆದ ಮದುವೆ ವಿಡಿಯೊದಲ್ಲಿ ಕಪ್ಪು ಪಟ್ಟೆ ಓಡುತ್ತೆ, ಎಡಿಟಿಂಗ್‌ನಲ್ಲಿ ತೆಗೆಯೋದು ಹೇಗೆ ಅಂತ ಕೇಳಿದ್ದೀರಿ. ಎಡಿಟಿಂಗ್‌ನಲ್ಲಿ ಪೂರ್ತಿ ಹೋಗೋದು ಕಷ್ಟ ಸರ್. ಶೂಟ್ ಮಾಡುವಾಗಲೇ ತಡೆಯಬೇಕು. ನಮ್ಮ ಕರೆಂಟು 50 ಹರ್ಟ್ಜ್, ಅಂದ್ರೆ ಸೆಕೆಂಡಿಗೆ 50 ಸುತ್ತು; ಸುತ್ತಿಗೆ ಎರಡು ಸಲದಂತೆ ಟ್ಯೂಬ್‌ಲೈಟು, ಸಾದಾ ಎಲ್ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕ್ಯಾಮೆರಾದಲ್ಲಿ ಸೆಕೆಂಡಿಗೆ 25 ಫ್ರೇಮ್ ಇಟ್ಟು ಶಟರ್ (ಒಂದೊಂದು ಫ್ರೇಮಿಗೂ ಬೆಳಕು ಬೀಳುವ ಸಮಯ) 1/50 ಸೆಕೆಂಡ್ ಮಾಡಿ; ಆಗ ಪ್ರತಿ ಫ್ರೇಮಿಗೂ ಪೂರ್ತಿ ಎರಡು ಮಿನುಗು ಸಿಕ್ಕಿ ಪಟ್ಟೆ ಬರಲ್ಲ. ಸ್ಲೋ ಮೋಷನ್ ಬೇಕಾದರೆ 50 ಫ್ರೇಮ್, ಶಟರ್ 1/100. ಶಟರ್ ಆಟೋದಲ್ಲಿ ಇಡೋದು ಮಾತ್ರ ಬೇಡವೇ ಬೇಡ. ವೇದಿಕೆಯ ಹಿಂದೆ ದೊಡ್ಡ ಎಲ್ಇಡಿ ಪರದೆ ಇದ್ದರೆ ಲೆಕ್ಕವೇ ಬೇರೆ, ಅದು ಮಿನುಗುವ ವೇಗ ಬೇರೆ. ಮುಹೂರ್ತಕ್ಕೆ ಮುಂಚೆಯೇ ಹೋಗಿ, ಶಟರ್ ಸ್ವಲ್ಪ ಸ್ವಲ್ಪ ಬದಲಿಸಿ ನೋಡಿ.

ಆಗಲೇ ಕ್ಯಾಮೆರಾದ ಸೌಂಡ್ ರೆಕಾರ್ಡಿಂಗ್ ಲೆವೆಲ್ಲೂ ಇಳಿಸಿಡಿ. ಗಟ್ಟಿಮೇಳದಲ್ಲಿ ಒಡೆದ ಸೌಂಡು ಆಮೇಲೆ ಸರಿಹೋಗಲ್ಲ. ಪಟ್ಟೆಗಿಂತ ಅದೇ ಜಾಸ್ತಿ ತಲೆನೋವು, ಅಲ್ವಾ?