‘ಮುಂದೆ ನೀನೇ’ ಅನ್ನುವ ಮಾತು ನಂಬಿ ಕೂರಲೇ?

ಪ್ರಶ್ನೆ: ನನಗೆ 43 ವರ್ಷ. ಹಾಸನದಲ್ಲಿ ಹುಟ್ಟಿ, ಹತ್ತನೇ ವಯಸ್ಸಿಗೆ ಅಪ್ಪ-ಅಮ್ಮನ ಜೊತೆ ಅಮೆರಿಕಕ್ಕೆ ಬಂದವಳು. 16 ವರ್ಷದಿಂದ ಇಲ್ಲಿನ ಒಂದೇ ಡಿವಿಷನ್ 1 (ಕಾಲೇಜು ಕ್ರೀಡೆಯ ಅತಿ ಮೇಲಿನ ಹಂತ) ಕಾಲೇಜಿನ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಅಸಿಸ್ಟೆಂಟ್ ಕೋಚ್. ನಮ್ಮ ಹೆಡ್ ಕೋಚ್ ‘ಇನ್ನೆರಡು ವರ್ಷಕ್ಕೆ ನಾನು ನಿವೃತ್ತಿ, ಮುಂದೆ ನೀನೇ’ ಅನ್ನುತ್ತಾರೆ. ಈಗ ಬೇರೆ ರಾಜ್ಯದ, ಒಂದು ಹಂತ ಕೆಳಗಿನ ಡಿವಿಷನ್ 2 ಕಾಲೇಜೊಂದು ಹೆಡ್ ಕೋಚ್ ಆಗಿ ಬನ್ನಿ ಎಂದಿದೆ. ಸಂಬಳ ಸ್ವಲ್ಪ ಕಡಿಮೆ, ಉತ್ತರಿಸಲು ಹತ್ತು ದಿನ ಕೊಟ್ಟಿದ್ದಾರೆ. ಹಾಸನಕ್ಕೆ ಮರಳಿರುವ ಅಮ್ಮ ಫೋನ್ ಮಾಡಿದಾಗಲೆಲ್ಲ ‘ಇನ್ನೂ ಅಸಿಸ್ಟೆಂಟೇನೇ?’ ಅಂತಾರೆ. ನಿಜ ಹೇಳಬೇಕೆಂದರೆ ಈಗಿನ ಕೆಲಸ ನನಗೆ ಇಷ್ಟ. ಹೋಗಲೇ, ಇರಲೇ?

ಉತ್ತರ: ಮೊದಲು ‘ಮುಂದೆ ನೀನೇ’ ಅನ್ನುವ ಮಾತನ್ನು ನೋಡೋಣ. ನಿಮ್ಮ ಹೆಡ್ ಕೋಚ್ ಮನಸ್ಸಾರೆ ಹೇಳಿರಬಹುದು, ಆದರೆ ಆ ಕುರ್ಚಿ ಕೊಡುವ ಅಧಿಕಾರ ಅವರಿಗಿಲ್ಲ. ಅದು ಕಾಲೇಜಿನ ಕ್ರೀಡಾ ವಿಭಾಗದ ಮುಖ್ಯಸ್ಥರಾದ ಅಥ್ಲೆಟಿಕ್ ಡೈರೆಕ್ಟರ್ ಕೈಯಲ್ಲಿದೆ, ಎರಡು ವರ್ಷದಲ್ಲಿ ಆ ಹುದ್ದೆಯಲ್ಲಿ ಬೇರೆಯವರೇ ಇರಬಹುದು. ಇನ್ನೂ ಕೆಟ್ಟ ಸಾಧ್ಯತೆಯೂ ಇದೆ. ತಂಡ ಎರಡು ಸೀಸನ್ ಸೋತು ನಿವೃತ್ತಿಗೆ ಮೊದಲೇ ಹೆಡ್ ಕೋಚ್ ಅವರನ್ನು ತೆಗೆದರೆ, ಸಾಮಾನ್ಯವಾಗಿ ಅವರ ಇಡೀ ಸಿಬ್ಬಂದಿಯೇ ಮನೆಗೆ. ಹಾಗಾಗಿ ಈ ವಾರವೇ ಡೈರೆಕ್ಟರ್ ಬಳಿ ಅರ್ಧ ಗಂಟೆ ಸಮಯ ಕೇಳಿ. ಹೋಗುವ ಮೊದಲು ಹೆಡ್ ಕೋಚ್‌ಗೆ ತಿಳಿಸಿ. ಅವರ ಬೆನ್ನ ಹಿಂದೆ ಹೋದಿರೆಂಬ ಸುದ್ದಿ ಈ ಕ್ಷೇತ್ರದಲ್ಲಿ ಒಂದೇ ದಿನಕ್ಕೆ ಹಬ್ಬುತ್ತದೆ. ಡೈರೆಕ್ಟರ್ ಹತ್ತಿರ ಕೇಳಬೇಕಾದದ್ದು ಮೂರೇ: ಅಸೋಸಿಯೇಟ್ ಹೆಡ್ ಕೋಚ್ (ಅಸಿಸ್ಟೆಂಟ್‌ಗಿಂತ ಒಂದು ಮೆಟ್ಟಿಲು ಮೇಲೆ) ಎಂಬ ಹುದ್ದೆ, ಒಂದು ವರ್ಷದ ಬದಲು ಎರಡು ಮೂರು ವರ್ಷದ ಕರಾರು, ಮತ್ತು ಅವಧಿಗೆ ಮುಂಚೆ ತೆಗೆದರೆ ಎಷ್ಟು ಕೊಡುತ್ತೀರಿ ಎಂಬುದು. ಉತ್ತರಾಧಿಕಾರದ ಮಾತನ್ನು ಬರೆದುಕೊಡಲು ಅವರು ಒಪ್ಪುವುದು ಅಪರೂಪ. ಉಳಿದ ಮೂರಕ್ಕೂ ನಗುತ್ತಾ ‘ನೋಡೋಣ’ ಅಂದರೆ ಅದೇ ನಿಮಗೆ ಉತ್ತರ.

ಇನ್ನು ಅಮ್ಮನ ಪ್ರಶ್ನೆ. ಅಸಿಸ್ಟೆಂಟ್ ಅಂದರೆ ಹಾಸನದಲ್ಲಿ ಗುಮಾಸ್ತಿಕೆಯ ಹಾಗೆ ಕೇಳಿಸುತ್ತದೆ, ಅವರದ್ದೇನೂ ತಪ್ಪಿಲ್ಲ. ಕನೆಟಿಕಟ್ ವಿಶ್ವವಿದ್ಯಾಲಯದ ಕ್ರಿಸ್ ಡೈಲಿ ಹೆಸರು ನಿಮಗೆ ಗೊತ್ತೇ ಇರುತ್ತದೆ. 1985ರಲ್ಲಿ ಹೆಡ್ ಕೋಚ್ ಜೀನೊ ಆರಿಯೆಮ್ಮಾ ಜೊತೆ ಆ ತಂಡಕ್ಕೆ ಬಂದವರು, ನಾಲ್ಕು ದಶಕ ಅವರ ಪಕ್ಕದ ಕುರ್ಚಿಯಲ್ಲೇ ಕೂತರು. ಅಷ್ಟರಲ್ಲಿ ತಂಡ 12 ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. 2018ರಲ್ಲಿ ಮಹಿಳಾ ಬ್ಯಾಸ್ಕೆಟ್‌ಬಾಲ್‌ನ ಹಾಲ್ ಆಫ್ ಫೇಮ್‌ಗೆ ಡೈಲಿ ಸೇರಿದ್ದೂ ಅದೇ ಕುರ್ಚಿಯಿಂದ. ಪಕ್ಕದ ಕುರ್ಚಿಯಲ್ಲಿ ಪೂರ್ತಿ ಬಾಳುವೆ ಮಾಡಬಹುದು. ಆದರೆ ಡೈಲಿಯ ಹೆಡ್ ಕೋಚ್ ಎಲ್ಲೂ ಹೋಗಲಿಲ್ಲ, ನಿಮ್ಮವರು ಹೊರಟು ನಿಂತಿದ್ದಾರೆ. ನಿಮ್ಮ ಲೆಕ್ಕ ಅಲ್ಲಿ ಬೇರೆಯಾಗುತ್ತದೆ.

ಒಂದು ವೇಳೆ ಕುರ್ಚಿ ನಿಮಗೇ ಸಿಕ್ಕಿತು ಅಂದುಕೊಳ್ಳಿ. ಹಾಲಿ ವಾರ್ಲಿಕ್ ಟೆನೆಸಿ ವಿಶ್ವವಿದ್ಯಾಲಯದಲ್ಲಿ ದಂತಕಥೆಯೇ ಆಗಿದ್ದ ಹೆಡ್ ಕೋಚ್ ಪ್ಯಾಟ್ ಸಮಿಟ್ ಕೈಕೆಳಗೆ 27 ಸೀಸನ್ ಅಸಿಸ್ಟೆಂಟ್ ಆಗಿದ್ದು, 2012ರಲ್ಲಿ ಹೆಡ್ ಕೋಚ್ ಆದರು. ಏಳು ಸೀಸನ್‌ನಲ್ಲಿ ಮೂರು ಸಲ ತಂಡವನ್ನು ರಾಷ್ಟ್ರೀಯ ಟೂರ್ನಿಯ ಕೊನೆಯ ಎಂಟರವರೆಗೆ ಒಯ್ದರು. ಬೇರೆ ಎಲ್ಲಾದರೂ ಆಗಿದ್ದರೆ ಹೊತ್ತು ಮೆರೆಸುತ್ತಿದ್ದರು. ಅಲ್ಲಿ ಅಳತೆಗೋಲು ಸಮಿಟ್, 2019ರಲ್ಲಿ ತೆಗೆದರು. ಇದ್ದಲ್ಲೇ ಉತ್ತರಾಧಿಕಾರಿಯಾದರೆ ಹಿಂದಿನವರ ಲೆಕ್ಕವೂ ನಿಮ್ಮ ತಲೆಗೇ ಬರುತ್ತದೆ.

ಡಿವಿಷನ್ 2ಕ್ಕೆ ಹೋದರೆ ನಿಮ್ಮ ಕೆಲಸವೇ ಬೇರೆಯಾಗುತ್ತದೆ, ಇದನ್ನು ಸರಿಯಾಗಿ ಊಹಿಸಿಕೊಳ್ಳಿ. ಈಗ ನಾಳಿದ್ದು ಆಟ ಅಂದರೆ ಎದುರಾಳಿಯ ಹಿಂದಿನ ನಾಲ್ಕೈದು ಆಟಗಳ ವಿಡಿಯೊ ಕತ್ತರಿಸಿ, ಅವರ ಪಾಯಿಂಟ್ ಗಾರ್ಡ್ (ಆಟ ನಡೆಸುವವಳು) ಮುಷ್ಟಿ ಎತ್ತಿದರೆ ಯಾವ ಪ್ಲೇ (ಮೊದಲೇ ಹೆಣೆದ ನಡೆ), ತಲೆ ಮುಟ್ಟಿದರೆ ಯಾವುದು, ಎಡಕ್ಕೆ ದೂಡಿದರೆ ಯಾರು ಚೆಂಡು ಬಿಡುತ್ತಾರೆ ಎಂದು ಒಂದು ಹಾಳೆಗೆ ಇಳಿಸುತ್ತೀರಿ. ಆಟದಲ್ಲಿ ಮುಷ್ಟಿ ಎದ್ದ ಕೂಡಲೇ ಬೆಂಚಿನಿಂದ ಕೂಗುತ್ತೀರಿ. ಎದುರಾಳಿಗೆ ಆ ಕ್ವಾರ್ಟರ್‌ನ ನಾಲ್ಕನೇ ಫೌಲ್ ಬಿತ್ತು, ಇನ್ನೊಂದಾದರೆ ನಮಗೆ ಎರಡು ಫ್ರೀ ಥ್ರೋ, ಒಳಗೆ ನುಗ್ಗಿ ಎಂದು ನೆನಪಿಸುತ್ತೀರಿ. ರಾತ್ರಿ ಹೋಟೆಲಿನ ಕಾರಿಡಾರಿನಲ್ಲಿ ಬೈಸಿಕೊಂಡ ಹುಡುಗಿಯ ಪಕ್ಕ ಕೂತು, ಹೆಡ್ ಕೋಚ್ ಹೇಳಿದ್ದಕ್ಕೆ ಅರ್ಥ ಬಿಡಿಸಿ ಹೇಳುತ್ತೀರಿ.

ಹೆಡ್ ಕೋಚ್ ಆದ ದಿನದಿಂದ ಆ ಹುಡುಗಿ ಅಳುವುದು ನಿಮ್ಮಿಂದ. ಹಳೆಯ ಅಸಿಸ್ಟೆಂಟ್‌ಗಳು ಹೆಡ್ ಕೋಚ್ ಆಗಿ ಎಡವುವುದು ಹೆಚ್ಚಾಗಿ ಇಲ್ಲೇ, ಪ್ಲೇ ಹಾಕುವುದರಲ್ಲಲ್ಲ. ಅಕ್ಕನಾಗಿಯೇ ಉಳಿಯಲು ನೋಡುತ್ತಾರೆ. ಹನ್ನೊಂದನೆಯವಳಿಗೆ ‘ನಿನಗೆ ಈ ವರ್ಷ ಆಡಲು ನಿಮಿಷ ಸಿಗುವುದಿಲ್ಲ’ ಎಂದು ಅಕ್ಟೋಬರ್‌ನಲ್ಲೇ ಹೇಳದೆ ಜನವರಿವರೆಗೆ ತಳ್ಳುತ್ತಾರೆ. ಅಷ್ಟರಲ್ಲಿ ಅವಳ ಜೊತೆ ಇನ್ನಿಬ್ಬರು ಮುನಿಸಿಕೊಂಡಿರುತ್ತಾರೆ, ಸೀಸನ್ ಮುಗಿಯುತ್ತಲೇ ಮೂವರೂ ಬೇರೆ ಕಾಲೇಜಿಗೆ ಹೋಗಲು ಹೆಸರು ಕೊಡುವ ಟ್ರಾನ್ಸ್‌ಫರ್ ಪೋರ್ಟಲ್‌ನಲ್ಲಿ. ಆದ್ದರಿಂದ ಹೋಗುವುದಾದರೆ ಮೊದಲು ನೇಮಿಸಬೇಕಾದದ್ದು ಚುರುಕಾದ ಎಳೆಯರನ್ನಲ್ಲ. ಈಗ ನೀವು ಮಾಡುತ್ತಿರುವುದನ್ನು ಅಲ್ಲಿ ಮಾಡಬಲ್ಲ, ನಿಮಗೂ ‘ಇದು ಸರಿಯಿಲ್ಲ’ ಅನ್ನಬಲ್ಲ, ಪಳಗಿದ ಒಬ್ಬರನ್ನು.

ಅದಕ್ಕೆ ದುಡ್ಡಿದೆಯೇ ಎಂಬುದೇ ಡಿವಿಷನ್ 2ರ ಪ್ರಶ್ನೆ. ನಿಮ್ಮಲ್ಲಿ 2023ರ ಜುಲೈಯಿಂದ ಐವರು ಅಸಿಸ್ಟೆಂಟ್‌ಗಳಿಗೆ ಅವಕಾಶವಿದೆ. ಅಲ್ಲಿ ಪೂರ್ಣಾವಧಿಯವರು ಒಬ್ಬರೇ ಇದ್ದು, ಜೊತೆಗೆ ಎಂ.ಎ. ಓದುತ್ತಾ ದುಡಿಯುವ ಗ್ರ್ಯಾಜುಯೇಟ್ ಅಸಿಸ್ಟೆಂಟ್ ಒಬ್ಬರಿದ್ದರೆ ಆಶ್ಚರ್ಯವಿಲ್ಲ. ಬಸ್ ಬುಕ್ ಮಾಡುವುದು, ಊಟ ತರಿಸುವುದು, ದಾನಿಗಳ ಜೊತೆ ಗಾಲ್ಫ್, ಎಲ್ಲವೂ ನಿಮ್ಮದೇ. ಮಹಿಳಾ ಬ್ಯಾಸ್ಕೆಟ್‌ಬಾಲ್‌ಗೆ ಅಲ್ಲಿ ಹತ್ತು ಪೂರ್ಣ ಸ್ಕಾಲರ್‌ಶಿಪ್‌ನಷ್ಟು ಮಿತಿ, ಅದನ್ನು ಹಲವರಿಗೆ ಹಂಚಬಹುದು. ಆದರೆ ಮಿತಿ ಹತ್ತು ಅಂದಮಾತ್ರಕ್ಕೆ ಕಾಲೇಜು ಹತ್ತಕ್ಕೂ ಹಣ ಇಟ್ಟಿದೆ ಎಂದಲ್ಲ. ಎಷ್ಟಕ್ಕೆ ಇಟ್ಟಿದೆ, ಅದೇ ಲೀಗಿನ ಗೆಲ್ಲುವ ತಂಡಗಳು ಎಷ್ಟಕ್ಕೆ ಇಟ್ಟಿವೆ, ಎರಡನ್ನೂ ಕೇಳಿ. ಆರಕ್ಕೆ ಹಣವಿಟ್ಟು ಹತ್ತರವರ ಎದುರು ಗೆಲ್ಲಿ ಅಂದರೆ ಬೇಡ ಎನ್ನಿ. ಕರಾರು ನಾಲ್ಕು ವರ್ಷಕ್ಕಿಂತ ಕಡಿಮೆ ಇರಬಾರದು. ಮೊದಲೆರಡು ವರ್ಷ ಆಡುವವರು ಬಹುಪಾಲು ಹಿಂದಿನವರು ಆರಿಸಿದ ಹುಡುಗಿಯರು. ನೀವು ತಂದವರು ಜೂನಿಯರ್ (ಮೂರನೇ ವರ್ಷದವರು) ಆಗುವ ಹೊತ್ತಿಗೆ ಎರಡು ವರ್ಷದ ಕರಾರು ಮುಗಿದಿರುತ್ತದೆ. ಹಿಂದಿನ ಕೋಚ್ ಯಾಕೆ ಹೋದರು ಎಂದು ಕಾಲೇಜನ್ನು ಕೇಳುವುದರ ಜೊತೆಗೆ ಅವರಿಗೇ ಒಂದು ಫೋನ್ ಮಾಡಿ.

ಹೋಗಿ ಸೋತರೆ ದಾರಿ ಮುಚ್ಚಿತು ಅಂತಲೂ ಇಲ್ಲ. ಮಿಕಿ ಡಿಮಾಸ್ ಟೆನೆಸಿ ಬಿಟ್ಟು 2003ರಿಂದ 2007ರವರೆಗೆ ಕೆಂಟಕಿಯ ಹೆಡ್ ಕೋಚ್ ಆಗಿದ್ದು, 2010ರಲ್ಲಿ ಅದೇ ಟೆನೆಸಿಗೆ ಅಸಿಸ್ಟೆಂಟ್ ಆಗಿ ಮರಳಿದರು. ಸಿನ್ಸಿನಾಟಿಯಲ್ಲಿ ಒಂಬತ್ತು ಸೀಸನ್ ಹೆಡ್ ಕೋಚ್ ಆಗಿದ್ದು ಕೆಲಸ ಕಳೆದುಕೊಂಡ ಜಮೆಲ್ ಎಲಿಯಟ್ ಈಗ ಮತ್ತೆ ಕನೆಟಿಕಟ್‌ನ ಬೆಂಚಿನಲ್ಲಿದ್ದಾರೆ. ಇಬ್ಬರೂ ಹಳೆಯ ಜಾಗದ ಜೊತೆ ಮುಖ ಕೆಡಿಸಿಕೊಳ್ಳದೆ ಹೊರಟವರು ಅನ್ನುವುದನ್ನು ಗಮನಿಸಿ.

ನೀವು ‘ಇಷ್ಟ’ ಅಂದ ಕೆಲಸ ಯಾವುದು ಎಂಬುದು ಕಾಗದದಲ್ಲಿಲ್ಲ. ಆ ಹಾಳೆ ತಯಾರಿಸುವುದೂ ಕಾರಿಡಾರಿನಲ್ಲಿ ಕೂರುವುದೂ ಅಂತಾದರೆ ಇರಿ, ಆದರೆ ಅಸೋಸಿಯೇಟ್ ಹುದ್ದೆ ಮತ್ತು ಬಹುವರ್ಷದ ಕರಾರು ಸಿಕ್ಕರೆ ಮಾತ್ರ. ಅದು ಸಿಗದಿದ್ದರೆ, ಅಥವಾ ಟೈಮ್‌ಔಟ್‌ನಲ್ಲಿ ಹೆಡ್ ಕೋಚ್ ಬೋರ್ಡಿನ ಮೇಲೆ ಬರೆಯುವಾಗ ‘ನಾನಾಗಿದ್ದರೆ ಹೀಗೆ ಮಾಡುತ್ತಿರಲಿಲ್ಲ’ ಎಂದು ವರ್ಷದಿಂದ ಒಳಗೊಳಗೇ ಅನಿಸುತ್ತಿದ್ದರೆ, ಸ್ಕಾಲರ್‌ಶಿಪ್ ಲೆಕ್ಕ ನೋಡಿಕೊಂಡು ಹೊರಡಿ. ಸಹಿ ಹಾಕುವ ಮೊದಲು ಅಲ್ಲಿನ ಆಟಗಾರ್ತಿಯರ ಪಟ್ಟಿ ತರಿಸಿಕೊಳ್ಳಿ. ಹೆಸರು ಘೋಷಣೆಯಾದ ಸಂಜೆಯೇ ಪ್ರತಿಯೊಬ್ಬಳಿಗೂ ನೀವೇ ಫೋನ್ ಮಾಡಬೇಕು. ನೀವು ತಡಮಾಡಿದರೆ ಅಷ್ಟರಲ್ಲಿ ಬೇರೆ ಕಾಲೇಜಿನವರು ಮಾಡಿರುತ್ತಾರೆ.